ಮಿಲೇತಕ್ಕೆಂದು ಹಣ ಕೊಟ್ಟು ರತ್ನಗಂಬಳಿ ಅಂಗಡಿಯಲ್ಲಿ ಕುಳಿತೆವು: ಟರ್ಕಿಗೆ ಹೋಗುವವರು ಎಚ್ಚರ

ಅಪೊಸ್ತಲ ಪೌಲನು ಸುವಾರ್ತೆ ಸಾರಿದ ಊರುಗಳನ್ನು ನೋಡಲು ಟರ್ಕಿಗೆ ಹೊರಟವರು ಮುಂಗಡ ಕೊಡುವ ಮೊದಲು ಇದನ್ನು ಓದಿ. ಊರಿಗೆ ಮರಳಿ ಎರಡು ವಾರವಾಯಿತು, ಸಿಟ್ಟು ಇನ್ನೂ ಇಳಿದಿಲ್ಲ.

ಅಪ್ಪನಿಗೆ 76 ವರ್ಷ. ಮಂಗಳೂರಿನ ನಮ್ಮ ಸಭೆಯಲ್ಲಿ ಬಹುಕಾಲ ಭಾನುವಾರದ ಶಾಲೆ ನಡೆಸಿದವರು. ಅವರಿಗಿದ್ದದ್ದು ಒಂದೇ ಆಸೆ: ಬೈಬಲಿನ ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯವನ್ನು ಪ್ರಾಚೀನ ಪಟ್ಟಣ ಮಿಲೇತದಲ್ಲೇ ನಿಂತು ಕನ್ನಡದಲ್ಲಿ ಓದಬೇಕು. ಪೌಲನು ಎಫೆಸದ ಹಿರಿಯರನ್ನು ಕರೆಸಿ, ಇನ್ನು ನನ್ನ ಮುಖವನ್ನು ನೀವು ಕಾಣಲಾರಿರಿ ಎಂದು ಬೀಳ್ಕೊಂಡದ್ದು ಅಲ್ಲಿ. ಅವರು ಅವನ ಕೊರಳನ್ನು ತಬ್ಬಿ ಅತ್ತದ್ದು ಅಲ್ಲಿ.

ಎಫೆಸ, ಅದರ ಪಕ್ಕದ ಬೆಟ್ಟದಲ್ಲಿರುವ ಪೌಲನ ಗವಿ, ಮಿಲೇತ, ಮೂರೂ ಒಂದೇ ದಿನದಲ್ಲಿ ಎಂದು ಪ್ರವಾಸ ಸಂಸ್ಥೆಯವರು ಬರೆದು ಕಳುಹಿಸಿದ್ದರು. ಇಬ್ಬರಿಗೆ 280 ಯೂರೋ. ಪೂರ್ತಿ ಮುಂಗಡ ಕೊಟ್ಟೆ. ಹೌದು, ಪೂರ್ತಿ.

ಬೆಳಿಗ್ಗೆ ಎಫೆಸ ಚೆನ್ನಾಗಿಯೇ ಆಯಿತು. ಸುಮಾರು 25,000 ಜನ ಕೂರಬಹುದಾದ ಆ ರಂಗಮಂದಿರದ ಮೆಟ್ಟಿಲ ಮೇಲೆ ಅಪ್ಪ ಮೌನವಾಗಿ ಕುಳಿತರು. ಅಕ್ಕಸಾಲಿಗ ದೇಮೇತ್ರಿಯನು ಎಬ್ಬಿಸಿದ ಗಲಭೆಯಲ್ಲಿ ಜನ ಎರಡು ಗಂಟೆ ಅರ್ತೆಮಿದೇವಿಗೆ ಜೈಕಾರ ಕೂಗಿದ ಜಾಗ. ಹತ್ತು ನಿಮಿಷಕ್ಕೆ ಮಾರ್ಗದರ್ಶಿ ಕೈಗಡಿಯಾರ ತೋರಿಸಿದ.

ಗವಿ? "ಇವತ್ತು ದುರಸ್ತಿ" ಎಂದ. ಪೌಲ ಮತ್ತು ಅವನ ಶಿಷ್ಯೆ ತೆಕ್ಲಳ ಹಳೆಯ ಭಿತ್ತಿಚಿತ್ರ ಇರುವುದು ಅಲ್ಲಿಯೇ. ಟಿಕೆಟ್ ಕಿಟಕಿಯಲ್ಲಿ ವಿಚಾರಿಸಿದರೆ, ಅದು ಸಾರ್ವಜನಿಕರಿಗೆ ತೆರೆದೇ ಇಲ್ಲ, ವಿಶೇಷ ಅನುಮತಿ ಬೇಕು ಎಂದರು. ಬಂದು ಮಾರ್ಗದರ್ಶಿಗೆ ಹೇಳಿದ್ದಕ್ಕೆ, "ನಾನೂ ಅದನ್ನೇ ಹೇಳಿದ್ದು" ಎಂದ! ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಊಟದ ನಂತರ "ಇಪ್ಪತ್ತು ನಿಮಿಷ ಮಾತ್ರ" ಎಂದು ರತ್ನಗಂಬಳಿ ಅಂಗಡಿಗೆ ಕರೆದೊಯ್ದ. ಸೇಬಿನ ಚಹಾ ಬಂತು. ಒಂದರ ಮೇಲೊಂದು ಗಂಬಳಿ ಬಿಚ್ಚಿದರು. ಎದ್ದರೆ ಮತ್ತೊಬ್ಬ ಬಂದು ಕೂರಿಸುತ್ತಿದ್ದ. ಒಂದು ಗಂಟೆ ನಲವತ್ತು ನಿಮಿಷ! ಕೊನೆಗೆ, ಕೊಂಡರೆ ಬಿಟ್ಟಾರು ಎಂದು ಒಂದು ಚಿಕ್ಕ ಗಂಬಳಿ ಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಅಲ್ಲಿಂದ ಚರ್ಮದ ಅಂಗಡಿ.

ಹೊರಬಂದಾಗ ನಾಲ್ಕು ಗಂಟೆ. ಮಿಲೇತ ಎಂದೆ. ಆತನ ಉತ್ತರ ಅಕ್ಷರಶಃ ನೆನಪಿದೆ: "ಅಲ್ಲಿಯೂ ಕಲ್ಲುಗಳೇ. ಅದಕ್ಕಿಂತ ದೊಡ್ಡ ರಂಗಮಂದಿರ ನೋಡಿದ್ದೀರಲ್ಲ. ಈಗ ಹೊರಟರೆ ತಲುಪುವಷ್ಟರಲ್ಲಿ ಬಾಗಿಲು ಮುಚ್ಚುತ್ತದೆ. ನಿಮ್ಮ ತಂದೆ ದಣಿದಿದ್ದಾರೆ, ಅವರಿಗಾಗಿಯೇ ಹೇಳುತ್ತಿದ್ದೇನೆ." ಅಪ್ಪ ದಣಿದಿರಲಿಲ್ಲ. ವ್ಯಾನಿನಲ್ಲಿ ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು, ಪುಟಕ್ಕೆ ಬೆರಳಿಟ್ಟು ಕಾಯುತ್ತಿದ್ದರು. ಅವರನ್ನೇ ನೆಪ ಮಾಡಿದನಲ್ಲ, ಅದನ್ನು ನಾನು ಕ್ಷಮಿಸಲಾರೆ.

ಸಂಸ್ಥೆಗೆ ಫೋನ್ ಮಾಡಿದೆ. "ಸಮಯವಿದ್ದರೆ ಮಿಲೇತ ಎಂದೇ ಕಾರ್ಯಕ್ರಮದಲ್ಲಿದೆ" ಎಂದರು. ನನಗೆ ಬಂದ ಸಂದೇಶದಲ್ಲಿ ಆ ಮಾತೇ ಇಲ್ಲ. ಅದರ ಚಿತ್ರ ಕಳುಹಿಸಿದೆ. ಆಗ ಬಂದ ಉತ್ತರ: "ಅಂಗಡಿಯಲ್ಲಿ ಹೊತ್ತು ಕಳೆದವರು ನೀವು. ಖರೀದಿಯನ್ನೂ ಮಾಡಿದ್ದೀರಿ." ಬಿಡುಗಡೆಗೆಂದು ಕೊಂಡ ಗಂಬಳಿಯೇ ನನ್ನ ವಿರುದ್ಧ ಸಾಕ್ಷಿಯಾಯಿತು! ಒಂದು ಯೂರೋ ಕೂಡ ಹಿಂದಿರುಗಲಿಲ್ಲ.

ಆ ರಾತ್ರಿ ಅಪ್ಪ ಹೋಟೆಲ್ ಕೋಣೆಯಲ್ಲಿ ಅಧ್ಯಾಯವನ್ನು ಓದಿದರು, ಮೆಲ್ಲಗೆ, ಪಕ್ಕದ ಕೋಣೆಯವರಿಗೆ ತೊಂದರೆಯಾಗದಂತೆ. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಹೋಗುವವರು ಮಿಲೇತವನ್ನು ಬೆಳಿಗ್ಗೆಯೇ ಇಟ್ಟುಕೊಳ್ಳಿ, ಎಫೆಸ ಆಮೇಲೆ. ಎಫೆಸದ ಪಕ್ಕದ ಊರಾದ ಸೆಲ್ಚುಕ್‌ನಿಂದ ಒಂದೂವರೆ ಗಂಟೆಯಾದರೂ ಬೇಕು, ಕಾರು ಗೊತ್ತುಮಾಡಿಕೊಂಡೇ ಹೋಗಿ. ಅಂಗಡಿಗೆ ಕರೆದೊಯ್ಯುವುದಿಲ್ಲ ಎಂದು ಬರೆಸಿಕೊಳ್ಳಿ. ಗವಿ ತೋರಿಸುತ್ತೇವೆ ಎನ್ನುವವರಿಂದ ಅನುಮತಿ ಪತ್ರ ಕೇಳಿ. ದ್ವಾರದ ಬಳಿ ಹಳೆಯ ನಾಣ್ಯ ಎಂದು ಕೈಗಿಡುವುದನ್ನು ಮುಟ್ಟಲೇಬೇಡಿ: ಸುಳ್ಳಾದರೆ ಹಣ ಹೋಯಿತು, ನಿಜವಾದ ಪ್ರಾಚೀನ ನಾಣ್ಯವಾದರೆ ಅದನ್ನು ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ಮತ್ತು ಪೂರ್ತಿ ಹಣವನ್ನು ಮಿಲೇತ ನೋಡಿ ಬಂದ ಮೇಲೆಯೇ ಕೊಡಿ.