ಪ್ರಶ್ನೆ ಆರಿಸಲು ಯಾವ ಯಾದೃಚ್ಛಿಕ ಸಂಖ್ಯೆ?

ಎಐ ಭಾಷಾ ಮಾದರಿಗಳ ಬುದ್ಧಿಮತ್ತೆಯನ್ನು ಅಳೆಯಲು ಕನ್ನಡ ಪ್ರಶ್ನೆಗಳ ಸಂಗ್ರಹವೊಂದನ್ನು ಸಿದ್ಧಪಡಿಸಿರುವ ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಅದರಿಂದ ಪ್ರಶ್ನೆಗಳನ್ನು ಯಾದೃಚ್ಛಿಕವಾಗಿ ಆರಿಸಲು ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನ ‘ರ್‍ಯಾಂಡಮ್’, ‘ಸೀಕ್ರೆಟ್ಸ್’ ಎಂಬ ಮಾಡ್ಯೂಲ್‌ಗಳು (ಸಿದ್ಧ ಕೋಡ್‌ಗಳು) ಮತ್ತು ಹತ್ತು ಮುಖದ ದಾಳ, ಈ ಮೂರರಲ್ಲಿ ಯಾವುದು ಸೂಕ್ತವೆಂದು ಕೇಳಿದ್ದಾರೆ.

ಖರ್ಚಿನ ವಿಚಾರ ಬೇಗ ಮುಗಿಯುತ್ತದೆ. ಮೊದಲೆರಡು ಉಚಿತ, ದಾಳಕ್ಕೆ ಅಲ್ಪ ಹಣ ಸಾಕು. ಆದರೆ ಸಾವಿರಾರು ಪ್ರಶ್ನೆಗಳಿಗೆ ದಾಳ ಉರುಳಿಸುತ್ತ ಕೂರಲಾಗದು.

ಹೆಚ್ಚು ಯೋಚಿಸಬೇಕಾದದ್ದು ಪುನರಾವರ್ತನೆಯ ಬಗ್ಗೆ. ‘ರ್‍ಯಾಂಡಮ್’ ಬಳಸುವ ಮರ್ಸೆನ್ ಟ್ವಿಸ್ಟರ್ ವಿಧಾನವನ್ನು ಜಪಾನಿನ ಮತ್ಸುಮೊತೊ ಮತ್ತು ನಿಶಿಮುರಾ 1998ರಲ್ಲಿ ಪ್ರಕಟಿಸಿದರು. ಅದಕ್ಕೆ ಒಂದೇ ಸೀಡ್ ಸಂಖ್ಯೆ (ಸರಣಿಯನ್ನು ಶುರುಮಾಡುವ ಸಂಖ್ಯೆ) ಕೊಟ್ಟರೆ ಅದೇ ಸರಣಿ ಮತ್ತೆ ಬರುವುದರಿಂದ, ಎರಡು ಮಾದರಿಗಳಿಗೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೊಡಬಹುದು, ಬೇರೆಯವರೂ ನಿಮ್ಮ ಫಲಿತಾಂಶವನ್ನು ಪರಿಶೀಲಿಸಬಹುದು. ಸೀಡ್ ಜೊತೆಗೆ ಪೈಥಾನ್ ಆವೃತ್ತಿಯನ್ನೂ ದಯವಿಟ್ಟು ಬರೆದಿಡಿ. ಆಯ್ಕೆಯ ಕ್ರಮ ಆವೃತ್ತಿಗಳ ನಡುವೆ ಬದಲಾದದ್ದುಂಟು. ಆಪರೇಟಿಂಗ್ ಸಿಸ್ಟಮ್‌ನಿಂದ ಸಂಖ್ಯೆ ಪಡೆಯುವ ‘ಸೀಕ್ರೆಟ್ಸ್’ಗೆ ಸೀಡ್ ಕೊಡಲು ಬರುವುದಿಲ್ಲ, ಅಲ್ಲಿ ಆಯ್ದ ಪಟ್ಟಿಯನ್ನೇ ಉಳಿಸಿಕೊಳ್ಳಬೇಕು.

ಊಹಿಸಲಾಗದಿರುವಿಕೆಯಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಮರ್ಸೆನ್ ಟ್ವಿಸ್ಟರ್‌ನ 32 ಬಿಟ್‌ಗಳ 624 ಸಂಖ್ಯೆಗಳನ್ನು ಸಾಲಾಗಿ ಕಂಡವರು ಮುಂದಿನವನ್ನೆಲ್ಲ ಲೆಕ್ಕಹಾಕಬಲ್ಲರು. ಪ್ರಶ್ನೆಗಳು ಮೊದಲೇ ಸೋರಿದರೆ ನೀವು ಅಳೆಯುವುದು ಬುದ್ಧಿಯನ್ನಲ್ಲ, ನೆನಪನ್ನು. ಹೀಗಾಗಿ ಗುಟ್ಟಾಗಿಡಬೇಕಾದ ಅಂತಿಮ ಪರೀಕ್ಷೆಗೆ ‘ಸೀಕ್ರೆಟ್ಸ್’ ಸರಿ, ಪ್ರಯೋಗಾಲಯದ ದಿನನಿತ್ಯದ ಹೋಲಿಕೆಗೆ ‘ರ್‍ಯಾಂಡಮ್’ ಸಾಕು.

ಕೋಲಾರ, ಚಿಕ್ಕಬಳ್ಳಾಪುರದ ತಂಡಗಳೂ ಸೇರುವ ಸ್ಪರ್ಧೆಯಾದರೆ ದಾಳಕ್ಕೆ ಬೆಲೆ ಬರುತ್ತದೆ: ಸಂಗ್ರಹವನ್ನು ಅಂತಿಮಗೊಳಿಸಿದ ನಂತರ ಎಲ್ಲರೆದುರು ಹತ್ತು ಹನ್ನೆರಡು ಬಾರಿ ಉರುಳಿಸಿ, ಬಂದ ಅಂಕಿಗಳನ್ನೇ ‘ರ್‍ಯಾಂಡಮ್’ಗೆ ಸೀಡ್ ಆಗಿ ಕೊಡಬಹುದು.