ಸಂಬಳದ ಸ್ಲಿಪ್‌ನಲ್ಲಿ ಪಿಎಫ್ ಮುರಿದಿದ್ದಾರೆ ಅಂತ ನಿಶ್ಚಿಂತೆಯಿಂದ ಇರಬೇಡಿ, ಆ ಸ್ಲಿಪ್ ಮಾಡುತ್ತಿದ್ದವಳೇ ಹೇಳುತ್ತಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಮೋಸ ಹೋದವಳೂ ನಾನೇ, ಆ ಮೋಸದ ಕಾಗದ ಟೈಪ್ ಮಾಡಿದವಳೂ ನಾನೇ.

ಪೀಣ್ಯದ ಕಡೆ ಒಂದು ಶೀಟ್ ಮೆಟಲ್ ಫ್ಯಾಕ್ಟರಿ. 62 ಜನ ಕೆಲಸಕ್ಕೆ, ಅಕೌಂಟ್ಸ್‌ಗೆ ನಾನೊಬ್ಬಳೇ. ಹಾಜರಿ ನೋಡೋದು, ಓಟಿ ಲೆಕ್ಕ ಹಾಕೋದು, ಅಡ್ವಾನ್ಸ್ ಮುರಿಯೋದು, ಸ್ಲಿಪ್ ಪ್ರಿಂಟ್ ತೆಗೆಯೋದು. ಪಿಎಫ್ ಸೈಟಿಗೆ ಎಲ್ಲರ ಹೆಸರು, ಸಂಬಳ ಇರುವ ಫೈಲ್ ಹಾಕಿ ಚಲನ್ ತೆಗೆಯುವುದೂ ನನ್ನದೇ ಕೆಲಸ. ದುಡ್ಡು ಕಟ್ಟೋದು ಮಾತ್ರ ಯಜಮಾನರು. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಅವರ ಹತ್ತಿರವೇ ಇತ್ತು. ನಾನು ಚಲನ್ ಕಳಿಸಿದರೆ ಅವರು ವಾಟ್ಸಾಪ್‌ನಲ್ಲಿ ಹೆಬ್ಬೆರಳು ಒತ್ತುತ್ತಿದ್ದರು. ನಾನು ಪ್ರಿಂಟ್ ತೆಗೆದು ಫೈಲ್‌ಗೆ ಹಾಕಿ ಮುಂದಿನ ಕೆಲಸ ನೋಡುತ್ತಿದ್ದೆ.

2023ರ ಏಪ್ರಿಲ್‌ನಲ್ಲಿ ಪ್ರೆಸ್ ಬ್ರೇಕ್ ಮಷೀನಿನ ಹಿರಿಯ ಆಪರೇಟರ್ ಒಬ್ಬರು ನನ್ನ ಟೇಬಲ್ ಹತ್ತಿರ ಬಂದರು. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯೋದು. ಆಗಸ್ಟ್‌ಗೆ 58 ತುಂಬುತ್ತಿತ್ತು. "ಪಿಂಚಣಿಗೆ ಯಾವ್ಯಾವ ಕಾಗದ ಬೇಕು, ಸ್ವಲ್ಪ ನೋಡಿ ಹೇಳಮ್ಮ" ಅಂದರು. ಅವರ ಪಿಎಫ್ ಪಾಸ್‌ಬುಕ್ ಸೈಟಿನಲ್ಲಿ ತೆಗೆಯೋಣ ಅಂದರೆ ಅದಕ್ಕೆ ಸೇರಿಸಿದ ಫೋನ್ ನಂಬರ್ ಮಗನದ್ದು, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಮಗನಿಗೆ ಫೋನ್ ಮಾಡಿ, ಓಟಿಪಿ ಕೇಳಿ, ಅರ್ಧ ಗಂಟೆ ಹೋಯಿತು.

ತೆರೆದರೆ ಕೊನೆಯ ಸಾಲು 2022ರ ಜನವರಿ ಸಂಬಳದ್ದು. ಅದರ ಕೆಳಗೆ ಏನೂ ಇಲ್ಲ. ಸೈಟ್ ನಿಧಾನ ಇರಬೇಕು ಅಂತ ಎರಡು ಸಲ ಮತ್ತೆ ತೆರೆದೆ. ಆಮೇಲೆ ನನ್ನದನ್ನು ತೆರೆದೆ. ಅಲ್ಲೂ ಅಷ್ಟಕ್ಕೇ ನಿಂತಿತ್ತು.

ಹದಿನಾಲ್ಕು ತಿಂಗಳು. ಅಣ್ಣನ ಬೇಸಿಕ್ (ಮೂಲ ಸಂಬಳ), ಡಿಎ (ತುಟ್ಟಿಭತ್ಯೆ) ಸೇರಿ 14,000. ಶೇ. 12ರಂತೆ ತಿಂಗಳಿಗೆ 1,680 ರೂಪಾಯಿ ಅವರ ಸಂಬಳದಿಂದಲೇ ಮುರಿಯುತ್ತಿದ್ದೆ. ಕಂಪನಿಯೂ ಅಷ್ಟೇ ಸೇರಿಸಬೇಕು. ಅದರಲ್ಲಿ ಸಂಬಳದ ಶೇ. 8.33 ಪಿಂಚಣಿ ಖಾತೆಗೆ, ಉಳಿದದ್ದು ಪಿಎಫ್‌ಗೆ. ಒಟ್ಟು 47,040 ರೂಪಾಯಿ ಒಬ್ಬರದ್ದೇ. ಇದರ ಮೇಲೆ ಬಡ್ಡಿ ಬೇರೆ.

ಆದರೆ ಅಣ್ಣನಿಗೆ ದುಡ್ಡಿಗಿಂತ ದೊಡ್ಡ ತಲೆನೋವು ಸರ್ವೀಸಿನದು. ಅವರು ಸೇರಿದ್ದು 2013ರ ಫೆಬ್ರವರಿ. ಪಿಂಚಣಿಗೆ ಹತ್ತು ವರ್ಷ ಬೇಕು. ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಂದು ವರ್ಷ ಅಂತ ಹಿಡಿಯುತ್ತಾರೆ, ಹಾಗಾಗಿ ಒಂಬತ್ತೂವರೆ ಆದರೂ ಸಾಕು. ಪಾಸ್‌ಬುಕ್ ಪ್ರಕಾರ ಅವರದ್ದು ಸರಿಯಾಗಿ ಒಂಬತ್ತು. 58 ಆದ ಮೇಲೆ ಹೊಸ ತಿಂಗಳು ಸೇರುವ ಹಾಗಿಲ್ಲ. ನಿಯಮದಲ್ಲಿ ವಂತಿಗೆ "ಬಂದ ಅಥವಾ ಬರಬೇಕಾದ" ಅವಧಿಯನ್ನು ಸರ್ವೀಸ್ ಅಂತಲೇ ಬರೆದಿದ್ದಾರೆ, ನಿಜ. ಆದರೆ ಕಂಪ್ಯೂಟರ್‌ನಲ್ಲಿ ಕಾಣದ ತಿಂಗಳನ್ನು ಕೌಂಟರ್‌ನಲ್ಲಿ ಕೂತವರಿಗೆ ಒಪ್ಪಿಸೋದು ಸುಲಭವಲ್ಲ.

ಅದಕ್ಕೂ ಹಿಂದಿನ ದೀಪಾವಳಿ ಹೊತ್ತಿಗೆ ಇದೇ ಅಣ್ಣ "ಪಿಎಫ್ ಹೋಗ್ತಾ ಇದೆ ಅಲ್ವಾ ಅಮ್ಮ?" ಅಂತ ಕೇಳಿದ್ದರು. "ಹೋಗ್ತಾ ಇದೆ ಅಣ್ಣ, ಸ್ಲಿಪ್‌ನಲ್ಲೇ ಇದೆಯಲ್ಲ" ಅಂದಿದ್ದೆ. ತಲೆ ಎತ್ತಿ ಕೂಡ ನೋಡಿರಲಿಲ್ಲ.

ಫೈಲ್‌ನಲ್ಲಿದ್ದ ಹದಿನಾಲ್ಕು ಚಲನ್‌ಗಳನ್ನು ಹೊರಗೆ ತೆಗೆದೆ. ಎಲ್ಲದರ ಮೇಲೂ ನಂಬರ್ ಇದೆ, ಮೊತ್ತ ಇದೆ, ನನ್ನ ಸಹಿ ಇದೆ. ಬ್ಯಾಂಕಿಗೆ ದುಡ್ಡು ಹೋಗಿದ್ದಕ್ಕೆ ಒಂದೂ ರಸೀದಿ ಇಲ್ಲ. ಚಲನ್ ಅಂದರೆ ಇಷ್ಟು ಕಟ್ಟಬೇಕು ಅನ್ನುವ ಕಾಗದ ಅಷ್ಟೇ. ಇದನ್ನೇ ನಾವು ಗಿರಾಕಿ ಕಂಪನಿಗಳಿಗೂ "ಪಿಎಫ್ ಕಟ್ಟಿದ್ದೇವೆ" ಅಂತ ಕಳಿಸಿದ್ದೆವು. ಅವರೂ ಕೇಳಲಿಲ್ಲ.

ಯಜಮಾನರು ಹೇಳಿದ್ದು ಇಷ್ಟು: "ಎರಡು ದೊಡ್ಡ ಪೇಮೆಂಟ್ ನಿಂತಿದೆ. ಬಂದ ತಕ್ಷಣ ಕಟ್ತೀನಿ. ನೀನು ಯಾರಿಗೂ ಹೇಳಕ್ಕೆ ಹೋಗ್ಬೇಡಮ್ಮ." ಕಷ್ಟ ಇದ್ದದ್ದು ಸುಳ್ಳಲ್ಲ. ಆದರೆ ಅದೇ ಹದಿನಾಲ್ಕು ತಿಂಗಳು ಜಿಎಸ್‌ಟಿ ಒಂದು ಸಲವೂ ತಪ್ಪಿರಲಿಲ್ಲ. ತಪ್ಪಿದರೆ ಗಿರಾಕಿಗೆ ತೆರಿಗೆಯ ಕ್ರೆಡಿಟ್ ಸಿಗಲ್ಲ, ಅವನು ಬಿಲ್ ತಡೆಹಿಡಿಯುತ್ತಾನೆ. ಇಎಸ್‌ಐ, ಅಂದರೆ ಕೆಲಸದವರ ಆರೋಗ್ಯ ವಿಮೆಯ ದುಡ್ಡು ಕೂಡ ಸರಿಯಾಗಿ ಹೋಗಿತ್ತು, ಯಾಕೆಂದರೆ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯದಿದ್ದರೆ ಕೆಲಸದವರು ಮರುದಿನವೇ ಬಂದು ಜಗಳ ಮಾಡುತ್ತಾರೆ. ಪಿಎಫ್ ಕೇಳುವವರೇ ಇರಲಿಲ್ಲ. ಕಷ್ಟ ಬಂದಾಗ ಮೊದಲು ಕೈ ಹಾಕಿದ್ದು ಅದಕ್ಕೇ.

ನನಗೆ ಕೋಪ ಬಂದದ್ದು ಕಂಪನಿಯ ಪಾಲಿಗಲ್ಲ. ಕೆಲಸದವರ ಸಂಬಳದಿಂದ ಮುರಿದ 1,680 ರೂಪಾಯಿಗೆ. ಅದು ಯಜಮಾನರ ದುಡ್ಡೇ ಅಲ್ಲವಲ್ಲ. ಹೀಗೆ ಮುರಿದುಕೊಂಡು ಕಟ್ಟದೆ ಇಟ್ಟುಕೊಂಡರೆ ಅದು ನಂಬಿಕೆದ್ರೋಹದ ಕೇಸು, ಜೈಲು ಶಿಕ್ಷೆಯೂ ಇದೆ. ಆಗಿನ ಪಿಎಫ್ ಕಾಯ್ದೆಯಲ್ಲಿ ತಡಕ್ಕೆ ಶೇ. 12 ಬಡ್ಡಿ, ಮೇಲೆ ದಂಡ ಬೇರೆ ಇತ್ತು.

ಮೇ ತಿಂಗಳಲ್ಲಿ ಒಂಬತ್ತು ಜನ ಸೇರಿ ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒದ ದೂರಿನ ಸೈಟಿನಲ್ಲಿ ದೂರು ಹಾಕಿದೆವು. ಸ್ಲಿಪ್, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಬುಕ್ ಎಲ್ಲ ಜೋಡಿಸಿದ್ದೆವು. ಸ್ಲಿಪ್ ಎಸೆಯಬೇಡಿ ಅಂತ ಹೇಳೋದು ಇದಕ್ಕೇ. ಐದು ಜನರ ಹತ್ತಿರ ಒಂದೂ ಸ್ಲಿಪ್ ಇರಲಿಲ್ಲ, ನನ್ನ ಕಂಪ್ಯೂಟರ್‌ನಿಂದ ತೆಗೆದುಕೊಟ್ಟೆ. ಆ ತಿಂಗಳ ಕೊನೆಗೆ ನನ್ನ ಕೆಲಸವೂ ಹೋಯಿತು, ಅದು ಬೇರೆ ಕಥೆ. ಎನ್‌ಫೋರ್ಸ್‌ಮೆಂಟ್ ಆಫೀಸರ್ ಬಂದು ರಿಜಿಸ್ಟರ್ ನೋಡಿದರು. ಆಮೇಲೆ ಬಾಕಿ ಎಷ್ಟು ಅಂತ ತೀರ್ಮಾನಿಸುವ ಸೆಕ್ಷನ್ 7ಎ ವಿಚಾರಣೆ ಶುರುವಾಯಿತು.

ಹೊಸ ಕೆಲಸದಲ್ಲಿ ಈಗ ತಿಂಗಳ 20ಕ್ಕೆ ಪಾಸ್‌ಬುಕ್ ನೋಡುತ್ತೇನೆ. ಕಂಪನಿ ಹಿಂದಿನ ತಿಂಗಳದ್ದನ್ನು 15ರ ಒಳಗೆ ಕಟ್ಟಬೇಕು, ಸೈಟ್‌ಗೆ ಏರಲು ಕೆಲವು ದಿನ ಬಿಡಿ. ಎರಡು ತಿಂಗಳು ಸತತ ಕಾಣದಿದ್ದರೆ ಕೇಳಿ, ಹದಿನಾಲ್ಕು ತಿಂಗಳು ಕಾಯಬೇಡಿ. ಪಾಸ್‌ಬುಕ್ ನೋಡಲು ಉಮಂಗ್ ಅನ್ನುವ ಸರ್ಕಾರಿ ಆಪ್ ತೆರೆಯಲು ಬೇಸರವಾದರೆ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ, ಕೊನೆಯ ವಂತಿಗೆ ಎಷ್ಟು ಅಂತ ಮೆಸೇಜ್ ಬರುತ್ತದೆ. ಆದರೆ ಯುಎಎನ್‌ಗೆ (ನಿಮ್ಮ ಪಿಎಫ್ ಗುರುತಿನ ಸಂಖ್ಯೆಗೆ) ಸೇರಿಸಿದ ಫೋನ್ ನಂಬರ್‌ನಿಂದಲೇ ಮಾಡಬೇಕು, ಆ ಫೋನ್ ನಿಮ್ಮ ಜೇಬಿನಲ್ಲೇ ಇರಬೇಕು. ಮಗನದ್ದು, ಕಂಟ್ರಾಕ್ಟರ್‌ದು, ಅಕೌಂಟ್ಸ್‌ನವರದ್ದು ಕೊಡಬೇಡಿ. ಇನ್ನೊಂದು, ಲಾಗಿನ್ ಇಲ್ಲದೆಯೇ ಇಪಿಎಫ್‌ಒ ಸೈಟಿನಲ್ಲಿ ಕಂಪನಿ ಹೆಸರು ಹಾಕಿ ಹುಡುಕಿದರೆ ಯಾವ ತಿಂಗಳು ಎಷ್ಟು ಜನಕ್ಕೆ ಎಷ್ಟು ಕಟ್ಟಿದ್ದಾರೆ ಅಂತ ಕಾಣುತ್ತದೆ. ಹೊಸ ಕೆಲಸಕ್ಕೆ ಸೇರುವ ಮುಂಚೆಯೇ ನೋಡಿ. ನಾನು ಅದನ್ನು ಮಾಡಿಯೇ ಸೇರಿದ್ದು.

ಸಂಬಳದ ಲೆಕ್ಕ ನೋಡುವ ನನ್ನಂಥವರಿಗೂ ಒಂದು ಮಾತು. ಚಲನ್ ಜೊತೆ ಬ್ಯಾಂಕ್ ರಸೀದಿ ಇಲ್ಲದಿದ್ದರೆ ಫೈಲ್‌ಗೆ ಹಾಕಬೇಡಿ. ಯಜಮಾನರಿಗೆ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಮೇಲ್ ಹಾಕಿ. ವಿಚಾರಣೆಯಲ್ಲಿ ಮೊದಲು ತೋರಿಸಿದ್ದು ನನ್ನ ಸಹಿಯನ್ನೇ.

2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯುವ ನಿಯಮ ಬದಲಾಯಿತು ಅಂತ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದಿದ್ದರು. ಮರುದಿನವೇ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ಅವರಿಗೆ ತಮ್ಮ ದುಡ್ಡು ಎಲ್ಲಿದೆ ಅಂತ ಗೊತ್ತಿತ್ತು. ಡಿಗ್ರಿ ಓದಿ ಆ ದುಡ್ಡಿನ ಲೆಕ್ಕ ಬರೆಯುತ್ತಿದ್ದ ನನಗೆ ಗೊತ್ತಿರಲಿಲ್ಲ.

2023ರ ಡಿಸೆಂಬರ್ ಹೊತ್ತಿಗೆ ನಮ್ಮ ಹಳೆಯ ಬಾಕಿಯಲ್ಲಿ ಎಂಟು ತಿಂಗಳ ಹಣ ಕಂತಿನಲ್ಲಿ ಬಂತು. ಅಣ್ಣನ ಸರ್ವೀಸ್ ಒಂಬತ್ತೂವರೆ ವರ್ಷ ದಾಟಿತು. ಪಿಂಚಣಿ ಕೇಳುವ 10ಡಿ ಫಾರಂ ಹಾಕಿದೆವು. 60 ತಿಂಗಳ ಸರಾಸರಿ ಸಂಬಳಕ್ಕೆ ಸರ್ವೀಸಿನ ವರ್ಷ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ ಎರಡು ಸಾವಿರ ರೂಪಾಯಿಯೂ ಆಗಲಿಲ್ಲ. ಮೊದಲ ಪಿಂಚಣಿ ಬಂದ ದಿನ ಅಣ್ಣ ಫೋನ್ ಮಾಡಿ "ಇಷ್ಟೇನಾ ಅಮ್ಮ? ಕರೆಕ್ಟಾ ನೋಡು" ಅಂದರು. ಕ್ಯಾಲ್ಕುಲೇಟರ್ ತೆಗೆದು ಎರಡು ಸಲ ಹಾಕಿ ನೋಡಿಯೇ ಹೌದು ಅಂದೆ.

ನನ್ನ ಪಾಸ್‌ಬುಕ್‌ನಲ್ಲಿ ಆರು ತಿಂಗಳು ಇನ್ನೂ ಖಾಲಿ ಇದೆ.