ತಾರಸಿ ತೋಟಕ್ಕೆ ನೀರಿನ ಟೈಮರ್ ಕೊಳ್ಳೋರು ಸ್ವಲ್ಪ ನಿಲ್ಲಿ

ಕಳೆದ ಏಪ್ರಿಲ್‌ನಲ್ಲಿ ತೀರ್ಥಹಳ್ಳಿಯಲ್ಲಿ ತಂಗಿಯ ಮಗಳ ಮದುವೆ. ಚಪ್ಪರದ ಕೆಳಗೆ ಕೂತು ಹೂ ಕಟ್ಟುತ್ತಿದ್ದಾಗ ಬೆಂಗಳೂರಿನಿಂದ ಫೋನ್ ಬಂತು. ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗ.

"ಆಂಟಿ, ನಿನ್ನೆಯಿಂದ ನಿಮ್ಮ ಟೆರೇಸ್ ಪೈಪಲ್ಲಿ ರಸ್ತೆಗೆ ನೀರು ಹರೀತಿತ್ತು. ಯಾರೋ ಮೇಲೆ ತೊಳೀತಿದಾರೆ ಅಂದ್ಕೊಂಡೆ. ಈಗ ನೋಡಿದ್ರೆ ನಲ್ಲೀಲಿ ನೀರೇ ಇಲ್ಲ. ಮೋಟರ್ ಮಾತ್ರ ಗುಂಯ್ ಅಂತಿದೆ. ಏನೋ ಸುಟ್ಟ ವಾಸನೆ ಬೇರೆ."

ಮೇನ್ ಆಫ್ ಮಾಡು ಮಗಾ ಎಂದು ಕೂಗಿದ ರಭಸಕ್ಕೆ ಮಡಿಲಲ್ಲಿದ್ದ ಮಲ್ಲಿಗೆಯೆಲ್ಲ ನೆಲಕ್ಕೆ ಚೆಲ್ಲಿತು.

ಇಷ್ಟಕ್ಕೂ ಕಾರಣ 1,800 ರೂಪಾಯಿ ಕೊಟ್ಟು ತರಿಸಿದ್ದ ಒಂದು ಟೈಮರ್. ನಲ್ಲಿಗೆ ಸಿಕ್ಕಿಸುವಂಥದ್ದು. ಬೆಳಿಗ್ಗೆ ಆರಕ್ಕೆ ತಾನೇ ತೆರೆದು ಹತ್ತು ನಿಮಿಷಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ ಅಂತ ಹೇಳುತ್ತಾರಲ್ಲ, ಅದು. ನಮ್ಮ ತಾರಸಿಯಲ್ಲಿ ಸುಮಾರು 40 ಕುಂಡಗಳಿವೆ. ಬಸಳೆ, ಬದನೆ, ಕರಿಬೇವು, ದಾಸವಾಳ, ಮೂರು ಬಗೆಯ ಮಲ್ಲಿಗೆ. ಬೇಸಿಗೆಯಲ್ಲಿ ಎಂಟು ದಿನ ಊರಿಗೆ ಹೋದರೆ ಬಂದ ಮೇಲೆ ಕಡ್ಡಿಗಳೇ ಗತಿ. ಪಕ್ಕದ ಮನೆಯವರಿಗೆ ಎಷ್ಟು ಸಲ ಅಂತ ಹೇಳೋದು?

ನಾನೇನೂ ಕಣ್ಣು ಮುಚ್ಚಿಕೊಂಡು ತಗೊಳ್ಳಲಿಲ್ಲ. ಹತ್ತಾರು ಮಾಡೆಲ್ ನೋಡಿದೆ. ದಿನಕ್ಕೆ ಎಷ್ಟು ಸಲ ಬಿಡಬಹುದು, ಮಳೆ ಬಂದರೆ ನಿಲ್ಲಿಸುವ ಬಟನ್ ಇದೆಯಾ, ಫೋನಿನಿಂದ ನಡೆಸಬಹುದಾ, ಎಲ್ಲಾ ಕೇಳಿದೆ. ಕೇಳಬೇಕಾಗಿದ್ದ ಒಂದನ್ನು ಬಿಟ್ಟು.

ಬಂದ ದಿನ ಕೆಳಗೆ ಗೇಟಿನ ಪಕ್ಕದ ನಲ್ಲಿಗೆ ಹಾಕಿ ನೋಡಿದೆ. ಟಕ್ ಅಂತ ತೆರೆಯಿತು, ಟಕ್ ಅಂತ ಮುಚ್ಚಿತು. ಮೂರು ಸಲ ಪರೀಕ್ಷೆ, ಮೂರು ಸಲವೂ ಪಾಸ್. ಹೊರಡುವ ಬೆಳಿಗ್ಗೆ ಅದನ್ನೇ ಮೇಲೆ ತಾರಸಿಯ ನಲ್ಲಿಗೆ ಹಾಕಿ, ಡ್ರಿಪ್ ಪೈಪ್ ಜೋಡಿಸಿ, ಬಸ್ಸಿಗೆ ಹೊತ್ತಾಯಿತೆಂದು ಓಡಿದೆವು. ತಪ್ಪಾಗಿದ್ದು ಅಲ್ಲೇ.

ಮರುದಿನ ಬೆಳಿಗ್ಗೆ ಟೈಮರ್ ತೆರೆದಿದೆ. ಆದರೆ ಪೂರ್ತಿ ಮುಚ್ಚಿಕೊಂಡಿಲ್ಲ. ನೀರು ಹರಿಯುತ್ತಲೇ ಹೋಗಿ ಮೇಲಿನ 1,000 ಲೀಟರ್ ಟ್ಯಾಂಕ್ ಇಳಿದಿದೆ. ಇಳಿದ ಕೂಡಲೇ ನಮ್ಮ ಆಟೊಮ್ಯಾಟಿಕ್ ಲೆವೆಲ್ ಕಂಟ್ರೋಲರ್ ನಿಷ್ಠೆಯಿಂದ ಮೋಟರ್ ಹಾಕಿದೆ. ಟ್ಯಾಂಕ್ ತುಂಬಿದೆ, ಮತ್ತೆ ಖಾಲಿಯಾಗಿದೆ, ಮತ್ತೆ ಮೋಟರ್. ಹೀಗೇ 6,000 ಲೀಟರಿನ ಸಂಪು ಬರಿದಾಗಿದೆ. ಸಂಪಿಗೆ ಸೆನ್ಸರ್ ಹಾಕಿಸಿರಲಿಲ್ಲ. ನೀರಿಲ್ಲದೆ ಓಡಿ ಓಡಿ ಮೋಟರಿನ ವೈಂಡಿಂಗ್ ಸುಟ್ಟಿದೆ.

ವೈಂಡಿಂಗಿಗೆ 3,500 ಹೋಯಿತು. ಬಾಡಿಗೆಯವರಿಗಾಗಿ ಟ್ಯಾಂಕರ್ ತರಿಸಿದ್ದು ಬೇರೆ. ದುಡ್ಡಿನ ವಿಷಯ ಹಾಗಿರಲಿ, ರಸ್ತೆಯವರ ಮುಖ ನೋಡೋಕೆ ನಾಚಿಕೆ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿದೆ ಅಲ್ವಾ? ಆಗ ಬಟ್ಟೆ ಜಾಲಿಸಿದ ನೀರು ಹೊತ್ತು ಹಾಕಿ ಗಿಡ ಉಳಿಸಿಕೊಂಡವಳು ನಾನು. ಈಗ ಏಳು ಸಾವಿರ ಲೀಟರ್ ಮೋರಿಗೆ ಬಿಟ್ಟಿದ್ದೆ.

ವಾಪಸ್ ಬಂದು ಡಬ್ಬಿಯೊಳಗಿನ ಚೀಟಿ ಬಿಡಿಸಿದೆ. ಇರುವೆ ಗಾತ್ರದ ಅಕ್ಷರಗಳಲ್ಲಿ ಒಂದು ಸಾಲು: ಕೆಲಸ ಮಾಡುವ ಒತ್ತಡ 0.5ರಿಂದ 8 ಬಾರ್.

ಈ ಬಾರ್ ಲೆಕ್ಕ ಸುಲಭ. ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಹೆಚ್ಚುಕಡಿಮೆ 1 ಬಾರ್ ಒತ್ತಡ. ಗೇಟಿನ ನಲ್ಲಿಗೂ ಟ್ಯಾಂಕಿಗೂ 8 ಮೀಟರ್ ಅಂತರ, ಅಂದರೆ 0.8 ಬಾರ್. ಅದಕ್ಕೇ ಅಲ್ಲಿ ಟಕ್ ಟಕ್ ಅಂತ ಕೆಲಸ ಮಾಡಿತು. ತಾರಸಿ ನಲ್ಲಿಯಿಂದ ಟ್ಯಾಂಕ್ ನೀರಿನ ಮಟ್ಟಕ್ಕೆ ಒಂದೂವರೆ ಮೀಟರ್. 0.15 ಬಾರ್. ಬೇಕಾದದ್ದರಲ್ಲಿ ಮೂರನೇ ಒಂದು ಭಾಗವೂ ಇಲ್ಲ! ಟ್ಯಾಂಕ್ ದೊಡ್ಡದಿದ್ದರೆ ಒತ್ತಡ ಜಾಸ್ತಿ ಅಂತ ನಮ್ಮೆಜಮಾನರು ಇವತ್ತಿಗೂ ವಾದ ಮಾಡುತ್ತಾರೆ. 500 ಲೀಟರ್ ಇರಲಿ, 2,000 ಇರಲಿ, ಲೆಕ್ಕಕ್ಕೆ ಬರೋದು ಎತ್ತರ ಮಾತ್ರ.

ಒತ್ತಡ ಯಾಕೆ ಬೇಕು ಅಂದರೆ, ಈ ಬಗೆಯ ಟೈಮರಿನಲ್ಲಿರುವುದು ಸೊಲೆನಾಯ್ಡ್ ವಾಲ್ವ್. ಒಳಗೆ ಒಂದು ರಬ್ಬರ್ ಬಿಲ್ಲೆ ಇರುತ್ತದೆ. ಸೆಲ್ಲಿನ ಶಕ್ತಿ ಒಂದು ಸೂಜಿ ತೂತನ್ನು ತೆಗೆದು ಮುಚ್ಚುವಷ್ಟು ಮಾತ್ರ. ಆ ರಬ್ಬರನ್ನು ಒತ್ತಿ ದಾರಿ ಬಂದ್ ಮಾಡೋದು ನೀರೇ. ನೀರಿಗೇ ತ್ರಾಣ ಇಲ್ಲದಿದ್ದರೆ ರಬ್ಬರ್ ಸರಿಯಾಗಿ ಕೂರೋದಿಲ್ಲ. ಟೈಮರ್ ಮಾತ್ರ ತಾನು ಮುಚ್ಚಿದ್ದೇನೆ ಅಂತಲೇ ತೋರಿಸುತ್ತಿರುತ್ತದೆ.

ಮಾರಿದವರಿಗೆ ಫೋನ್ ಮಾಡಿದೆ. "ಮೇಡಂ, ನಿಮ್ಮನೇಲಿ ಪ್ರೆಶರ್ ಇಲ್ಲ, ನಮ್ಮ ಐಟಂ ಸರಿಯಾಗಿದೆ." ಹಿಂತಿರುಗಿಸುವ ಅವಧಿಯೂ ಮುಗಿದಿತ್ತು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಕೊಳ್ಳುವಾಗ 'ತಾರಸಿ ತೋಟಕ್ಕೆ ಹೇಳಿ ಮಾಡಿಸಿದ್ದು' ಅಂತ ಬರೆದುಕೊಂಡಿದ್ದವರೂ ಅವರೇ.

ಆಮೇಲೆ ತಂದಿದ್ದು ಬಾಲ್ ವಾಲ್ವ್ ಟೈಮರ್. ಇದರಲ್ಲಿ ತೂತಿರುವ ಒಂದು ಗುಂಡನ್ನು ಪುಟ್ಟ ಮೋಟರ್ ತಿರುಗಿಸುತ್ತದೆ. ನೀರಿನ ಒತ್ತಡದ ಹಂಗಿಲ್ಲ. ಚೀಟಿಯಲ್ಲಿ 0 ಬಾರ್‌ನಿಂದ ಅಂತ ಇರುತ್ತದೆ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಸೆಲ್ ಹಾಕಿಸಿ ಸದ್ದು ಕೇಳಿ. ಟಕ್ ಅಂದು ಸುಮ್ಮನಾದರೆ ಸೊಲೆನಾಯ್ಡ್. ಕೆಲವು ಸೆಕೆಂಡ್ ಜುಂಯ್ ಅಂತ ತಿರುಗಿದರೆ ಬಾಲ್ ವಾಲ್ವ್. ಟ್ಯಾಂಕ್ ತಲೆ ಮೇಲೆಯೇ ಇರುವ ತಾರಸಿಗೆ ಎರಡನೆಯದು ಬಿಟ್ಟು ಬೇರೆ ತಗೋಬೇಡಿ. ಮನೆಗೆಲ್ಲ ಪ್ರೆಶರ್ ಪಂಪ್ ಹಾಕಿಸಿಕೊಂಡವರ ಕಥೆ ಬೇರೆ.

ಹಾಗಂತ ಬಾಲ್ ವಾಲ್ವ್ ದೇವರೇನಲ್ಲ. ತೆರೆದಿದ್ದಾಗ ಸೆಲ್ ಕೈಕೊಟ್ಟರೆ ತೆರೆದೇ ಇರುತ್ತದೆ. ಹಳೇ ರಿಮೋಟಿನಿಂದ ಕಿತ್ತ ಸೆಲ್ ಹಾಕಬೇಡಿ, ಹೊಸ ಆಲ್ಕಲೈನ್ ಸೆಲ್ ಹಾಕಿ. ರೀಚಾರ್ಜ್ ಸೆಲ್ 1.2 ವೋಲ್ಟ್ ಮಾತ್ರ, ಮಾಮೂಲಿ ಸೆಲ್ 1.5. ಕೆಲವು ಟೈಮರ್‌ಗಳು ಅಷ್ಟಕ್ಕೇ ಮುನಿಸಿಕೊಳ್ಳುತ್ತವೆ. ಬೋರ್‌ವೆಲ್ ನೀರಾದರೆ ಮುಂದಿನ ಜಾಲರಿಯಲ್ಲಿ ಬಿಳಿ ಪುಡಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ. ಇನ್ನು ಟೈಮರಿನ ಬಾಯಿ ಸಾಮಾನ್ಯವಾಗಿ ಮುಕ್ಕಾಲು ಇಂಚು, ನಮ್ಮ ನಲ್ಲಿಗಳು ಅರ್ಧ ಇಂಚು. ಅಡಾಪ್ಟರ್, ವಾಷರ್, ಟೆಫ್ಲಾನ್ ಟೇಪ್ ಮೊದಲೇ ತಂದಿಟ್ಟುಕೊಳ್ಳಿ, ಇಲ್ಲಾಂದ್ರೆ ಪ್ಲಂಬರ್ ದಾರಿ ಕಾಯಬೇಕು.

ನನಗೆ ನಿದ್ದೆ ಬರುವಂತೆ ಮಾಡಿದ್ದು ಮಾತ್ರ ಟೈಮರ್ ಅಲ್ಲ, 200 ಲೀಟರಿನ ಒಂದು ನೀಲಿ ಡ್ರಮ್. ಮನೆಯ ಟ್ಯಾಂಕಿಗೆ ಟೈಮರ್ ಹಾಕೋದನ್ನೇ ಬಿಟ್ಟೆ. ನಾಲ್ಕು ಸಿಮೆಂಟ್ ಬ್ಲಾಕಿನ ಮೇಲೆ ಡ್ರಮ್ ಇಟ್ಟು, ಕೆಳಗೆ ನಲ್ಲಿ ಕೂರಿಸಿ, ಅದಕ್ಕೆ ಟೈಮರ್. ಊರಿಗೆ ಹೊರಡುವ ಮುಂಚೆ ತುಂಬಿಸಿಡುತ್ತೇನೆ. ಎಂಟು ದಿನಕ್ಕೆ ಹಂಚಿದರೆ ದಿನಕ್ಕೆ 25 ಲೀಟರ್, ಕುಂಡಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ. ಮಣ್ಣಿನ ಮೇಲೆ ಒಣಗಿದ ಎಲೆ, ತೆಂಗಿನ ನಾರು ಹೊದಿಸಿದರೆ ನಮ್ಮ ಗಿಡಗಳಿಗೆ ಅಷ್ಟು ಸಾಕು. ಪೈಪಿನ ತುದಿಯ ಕುಂಡಗಳಿಗೆ ಮಾತ್ರ ನೀರು ಕಡಿಮೆ ಹೋಗುತ್ತದೆ. ಅಲ್ಲಿ ದೊಡ್ಡಪತ್ರೆ ಇಟ್ಟಿದ್ದೇನೆ, ಅದು ಕೇಳೋದೇ ಇಲ್ಲ.

ಏನೇ ತಗೊಂಡರೂ ಎಲ್ಲಿ ಹಾಕುತ್ತೀರೋ ಅಲ್ಲೇ, ಅದೇ ಪೈಪ್ ಸಮೇತ, ನೀವು ಮನೆಯಲ್ಲಿರುವಾಗ ಮೂರ್ನಾಲ್ಕು ದಿನ ಓಡಿಸಿ ನೋಡಿ. ನೀರು ನಿಂತ ಮೇಲೆ ಅರ್ಧ ಗಂಟೆ ಬಿಟ್ಟು ಹೋಗಿ ಪೈಪಿನ ಬಾಯಿ ಮುಟ್ಟಿ ನೋಡಿ.

ಕಳೆದ ವಾರ ಡ್ರಮ್ಮಿನಲ್ಲಿ ಕಾಲು ಭಾಗ ನೀರಿದ್ದಾಗ, ಟೈಮರ್ ತೆರೆದಿರುವ ಹೊತ್ತಿನಲ್ಲಿ ಬೇಕಂತಲೇ ಸೆಲ್ ಕಿತ್ತು ಮಲಗಿದೆ. ಬೆಳಿಗ್ಗೆ ಡ್ರಮ್ ಖಾಲಿ, ಬಸಳೆ ಕುಂಡದ ತಟ್ಟೆ ತುಂಬಿ ತುಳುಕುತ್ತಿತ್ತು. ಕೆಳಗೆ ಬಂದು ಅಡುಗೆಮನೆ ನಲ್ಲಿ ತಿರುಗಿಸಿದೆ. ನೀರು ಬಂತು.